ಕುಂಟ ಬಸವನ ಮೇಲೇ ಯಾಕೆ ತಪ್ಪು?

ಮಗ ಕೆಟ್ಟರೆ ಅಪ್ಪ-ಅಮ್ಮ ಬೆಳೆಸಿದ್ದು ಸರಿಯಿಲ್ಲ ಅನ್ನೋದು ನಮಗೆಲ್ಲ ಬಾಯಿಪಾಠ. ಅಮೆರಿಕದ ಜುಡಿತ್ ರಿಚ್ ಹ್ಯಾರಿಸ್ 1998ರಲ್ಲಿ ‘ದಿ ನರ್ಚರ್ ಅಸಂಪ್ಷನ್’ ಬರೆದು ಇದನ್ನೇ ಪ್ರಶ್ನಿಸಿದರು. ಹುಟ್ಟುಗುಣ ಬಿಟ್ಟರೆ ಮಕ್ಕಳನ್ನು ರೂಪಿಸೋದು ಓರಗೆಯವರು, ಹೆತ್ತವರ ಶೈಲಿ ಅಲ್ಲ ಎಂಬುದು ಅವರ ವಾದ. ಮುಖ್ಯ ಸಾಕ್ಷಿ ಭಾಷೆ: ವಲಸೆ ಬಂದವರ ಮಕ್ಕಳು ಮನೆಯ ಮಾತಿನ ಧಾಟಿ ಬಿಟ್ಟು ಬೀದಿಯದ್ದನ್ನು ಹಿಡಿಯುತ್ತಾರೆ.

ಇದನ್ನು ಕೋಲಾರದವರಿಗೆ ಪುಸ್ತಕ ಬಂದು ಹೇಳಬೇಕಿಲ್ಲ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಸ್ಲೇಟಿನ ಮೇಲೆ ಕನ್ನಡ. ನಮ್ಮ ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು; ಅವರು ಆಸ್ತಿಯಾದದ್ದು ಕನ್ನಡಕ್ಕೆ.

ಆದರೆ ಅದೇ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ಕ್ಕೆ ಹ್ಯಾರಿಸ್ ಕೀಲಿಕೈ ಅಷ್ಟು ಸಲೀಸಾಗಿ ಹೊಂದಲ್ಲ. 1834ರಲ್ಲಿ ಕಂಪನಿಗೆ ಕೊಡಗನ್ನು ಕಳೆದುಕೊಂಡ ದೊರೆಯ ಕಥೆ ಅದು. ಅಪ್ಪನನ್ನು ದೂರಬೇಕಾ? ಲಿಂಗರಾಜ ಅಣ್ಣನ ಮಗಳನ್ನು ಪಕ್ಕಕ್ಕೆ ಸರಿಸಿ ಗದ್ದುಗೆ ಹಿಡಿದವನು, ಮಗನಿಗೆ ಇನ್ನೇನು ಪಾಠ ಬೇಕು! ಸಹವಾಸವನ್ನು ದೂರಬೇಕಾ? ಚಿಕ್ಕಂದಿನ ಜೊತೆಗಾರ ಕುಂಟ ಬಸವ ಇದ್ದಾನೆ, ಮುಂದೆ ಮಂತ್ರಿಯೂ ಆಗ್ತಾನೆ. ಓದುವವರು ಸಾಮಾನ್ಯವಾಗಿ ನಿಲ್ಲೋದು ಇಲ್ಲೇ: ಕೆಟ್ಟ ಸ್ನೇಹ, ಮುಗೀತು.

ನನಗೆ ಒಪ್ಪಿಗೆಯಾಗಲ್ಲ. ಬಸವ ದೊರೆಯ ಓರಗೆಯವನೇ ಹೊರತು ಸರಿಸಮನಲ್ಲ. ದೊರೆ ಬಯಸಿದ್ದನ್ನು ತಂದುಕೊಟ್ಟೇ ಬದುಕಬೇಕಾದವನು. ಬೇಡ ಅನ್ನುವವರು ಕಾದಂಬರಿಯಲ್ಲಿ ಇಲ್ಲದೇ ಇಲ್ಲ. ರಾಣಿ ಗೌರಮ್ಮ ಹೇಳ್ತಾಳೆ, ಮಂತ್ರಿ ಬೋಪಣ್ಣ ತಿರುಗಿಬೀಳ್ತಾನೆ. ಅಷ್ಟೊತ್ತಿಗೆ ಕೇಳುವ ಅಭ್ಯಾಸವೇ ದೊರೆಗಿಲ್ಲ. ಮಾಸ್ತಿಯವರ ಮೇಲೆ ನನ್ನ ತಕರಾರು ಅಂದರೆ, ಆ ಅಭ್ಯಾಸ ತಪ್ಪಿದ ಬಾಲ್ಯವನ್ನು ಅವರು ಬೇಗ ದಾಟಿಬಿಡ್ತಾರೆ. ನಮ್ಮ ಕೈಗೆ ಸಿಗೋದು ಆಗಲೇ ಕೆಟ್ಟುಹೋದ ದೊರೆ.

ಬೆಂಗಳೂರಿನ ನಮ್ಮ ಓರಗೆಯವರ ಮಾತೆಲ್ಲ ಯಾವ ಸ್ಕೂಲು, ಮಗುವಿಗೆ ಬಯ್ಯಬೇಕಾ ಬಯ್ಯಬಾರದಾ ಅನ್ನುವುದರಲ್ಲೇ ಮುಗಿಯುತ್ತೆ. ಹ್ಯಾರಿಸ್ ಓದಿದವರು ಒಳ್ಳೇ ಸಹವಾಸವನ್ನೂ ಫೀಸು ಕಟ್ಟಿ ಕೊಳ್ಳೋಕೆ ಹೊರಡ್ತಾರೆ. ಊರಲ್ಲಿ ಬೇರೆಯವರ ತೋಟದ ಮಾವಿಗೆ ಕಲ್ಲು ಹೊಡೆದರೆ ದಾರಿಯಲ್ಲಿ ಹೋಗೋ ಅಜ್ಜಿಯೂ ಗದರ್ತಿದ್ದಳು, ಯಾರ ಮಗ ಅಂತ ನೋಡ್ತಿರಲಿಲ್ಲ. (ಅವಳ ಗದರಿಕೆಯಲ್ಲಿ ಜಾತಿಯೂ ಇರ್ತಿತ್ತು, ಅದು ಬೇರೆ ಕಥೆ.) ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮ್ಯಾನು, ಅಡುಗೆಯವರು, ಮನೆಗೆ ಬಂದು ಹೇಳಿಕೊಡೋ ಟ್ಯೂಷನ್ ಮೇಷ್ಟ್ರು, ಎಲ್ಲರ ಸಂಬಳವೂ ಅಪ್ಪನ ಕೈಲಿ. ಆರು ವರ್ಷದ ಹುಡುಗ ಲಿಫ್ಟಿನ ಗುಂಡಿಯನ್ನೆಲ್ಲ ಒತ್ತಿ ನಗ್ತಾನೆ. ವಾಚ್‌ಮ್ಯಾನು ‘ಪರವಾಗಿಲ್ಲ ಬಿಡಿ ಸಾರ್’ ಅಂತಾರೆ.