ಅಡ್ಡಗೋಡೆಯ ಮೇಲಿನ ದೀಪ

2025ರ ಮೇ 25ರ ಭಾನುವಾರ ಅಹಮದಾಬಾದಿನಲ್ಲಿ ಚೆನ್ನೈ ಸೂಪರ್ ಕಿಂಗ್ಸ್ ಆ ಸಲದ ಐಪಿಎಲ್‌ನ ತನ್ನ ಕೊನೆಯ ಪಂದ್ಯವನ್ನು 83 ರನ್‌ಗಳಿಂದ ಗೆದ್ದಿತು. ಡೆವಾಲ್ಡ್ ಬ್ರೆವಿಸ್ 23 ಎಸೆತಗಳಲ್ಲಿ 57 ರನ್ ಚಚ್ಚಿದರು. ಅಷ್ಟಾದರೂ ಅಂಕಪಟ್ಟಿಯಲ್ಲಿ ತಂಡಕ್ಕೆ ಸಿಕ್ಕಿದ್ದು ಹತ್ತನೇ ಸ್ಥಾನ. ಐದು ಸಲ ಕಪ್ ಎತ್ತಿದ ತಂಡ ತಳ ಕಂಡಿದ್ದು ಅದೇ ಮೊದಲು. ಆಟ ಮುಗಿದ ಮೇಲೆ ಚರ್ಚೆಯಾಗಬೇಕಾದ ಸಂಗತಿಗಳು ಬೇಕಾದಷ್ಟಿದ್ದವು. ಆದರೆ ಎಲ್ಲರೂ ಕಾದಿದ್ದು ಒಂದೇ ಮಾತಿಗೆ. ನಿವೃತ್ತಿಯ ಬಗ್ಗೆ ನಾಯಕ ಧೋನಿ ಏನಂದರು? ನಿರ್ಧರಿಸಲು ಇನ್ನೂ ನಾಲ್ಕೈದು ತಿಂಗಳಿದೆ, ಅವಸರವೇನಿಲ್ಲ ಎಂದರು. ಮುಗಿಸಿದೆ ಎಂದೂ ಹೇಳಲಿಲ್ಲ, ಮತ್ತೆ ಬರುತ್ತೇನೆ ಎಂದೂ ಹೇಳಲಿಲ್ಲ. ರಾಂಚಿಗೆ ಹೋಗಿ ಒಂದಷ್ಟು ಬೈಕ್ ಓಡಿಸುತ್ತೇನೆ ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟರು.

ಇಂಥ ಮಾತನ್ನು ನಾವು 2020ರಿಂದ ಕೇಳುತ್ತಿದ್ದೇವೆ. ಆ ವರ್ಷ ಅಬುಧಾಬಿಯಲ್ಲಿ ಟಾಸ್ ಹೊತ್ತಿಗೆ ಡ್ಯಾನಿ ಮಾರಿಸನ್, ಹಳದಿ ಅಂಗಿಯಲ್ಲಿ ಇದೇ ಕೊನೆಯ ಪಂದ್ಯವೇ ಎಂದು ಕೇಳಿದಾಗ ಧೋನಿ ಖಂಡಿತ ಅಲ್ಲ ಎಂದಿದ್ದರು. ಅದು ನೇರ ಉತ್ತರ. ಅಷ್ಟು ನೇರವಾದ ಉತ್ತರ ಆಮೇಲೆ ಬರಲಿಲ್ಲ. 2021ರ ನವೆಂಬರ್‌ನಲ್ಲಿ, ನನ್ನ ಕೊನೆಯ ಟಿ20 ಪಂದ್ಯ ಚೆನ್ನೈನಲ್ಲೇ ಎಂದು ಮಾತು ಕೊಟ್ಟರು. ಅದು ಮುಂದಿನ ವರ್ಷವೋ ಐದು ವರ್ಷದ ನಂತರವೋ ಗೊತ್ತಿಲ್ಲ ಎಂದೂ ಸೇರಿಸಿದರು. ಅಂದಿನಿಂದ ತಂಡದ ತವರು ಮೈದಾನ ಚೆಪಾಕ್‌ನ ಪ್ರತಿ ಋತುವಿನ ಕೊನೆಯ ಪಂದ್ಯವೂ ಅಭಿಮಾನಿಗೆ ತಪ್ಪಿಸಿಕೊಳ್ಳಲಾಗದ ಪಂದ್ಯವಾಯಿತು. 2023ರ ಮೇ 14ರಂದು ಅಲ್ಲಿ ತಂಡ ಮೈದಾನಕ್ಕೆ ಸುತ್ತು ಬಂದಾಗ, ಸುನಿಲ್ ಗಾವಸ್ಕರ್ ಓಡಿಹೋಗಿ ತಮ್ಮ ಅಂಗಿಯ ಮೇಲೆ ಧೋನಿಯ ಹಸ್ತಾಕ್ಷರ ಹಾಕಿಸಿಕೊಂಡರು. ಗಾವಸ್ಕರ್ ಅವರಂಥವರೇ ಹಾಗೆ ಮಾಡಿದ ಮೇಲೆ ಇದೇ ವಿದಾಯ ಎಂದು ಜನ ನಂಬದೆ ಇರುತ್ತಾರೆಯೇ? ಆದರೆ ಅದು ವಿದಾಯ ಆಗಲಿಲ್ಲ. ಎರಡು ವಾರದ ನಂತರ ಕಪ್ ಗೆದ್ದಾಗ, ನಿವೃತ್ತಿ ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ ಎಂದು ಧೋನಿಯೇ ಒಪ್ಪಿಕೊಂಡರು. ಆದರೂ ಇನ್ನೊಂದು ಋತು ಆಡುವುದು ಅಭಿಮಾನಿಗಳಿಗೆ ಕೊಡುವ ಉಡುಗೊರೆ ಎಂದರು. ಬೆನ್ನಿಗೇ ಮಂಡಿಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. 2024ರ ಮೇನಲ್ಲಿ ಚೆಪಾಕ್‌ನ ಪಂದ್ಯ ಮುಗಿದ ಮೇಲೂ ಎದ್ದು ಹೋಗಬೇಡಿ ಎಂದು ತಂಡವೇ ಪ್ರೇಕ್ಷಕರನ್ನು ಕೇಳಿಕೊಂಡಿತು. ಜನ ಉಸಿರು ಬಿಗಿಹಿಡಿದು ಕೂತರು. ಅಂದೂ ಏನೂ ಇಲ್ಲ. 2025ರ ಏಪ್ರಿಲ್‌ನಲ್ಲಿ ಅವರ ಅಪ್ಪ ಅಮ್ಮ ಚೆಪಾಕ್‌ಗೆ ಬಂದು ಕೂತಿದ್ದೇ ತಡ, ಇವತ್ತೇ ಮುಗಿಯಿತು ಎಂದು ಊರೆಲ್ಲ ಗುಲ್ಲು. ಕೋಚ್ ಸ್ಟೀಫನ್ ಫ್ಲೆಮಿಂಗ್, ನನಗೇನೂ ಗೊತ್ತಿಲ್ಲ ಎಂದು ಕೈ ಚೆಲ್ಲಿದರು.

ನಮ್ಮ ಚಿನ್ನಸ್ವಾಮಿಯಲ್ಲೂ ಇದೇ ನಡೆಯಿತು. 2024ರ ಮೇ 18ರಂದು ಆರ್‌ಸಿಬಿ ಎದುರು ಪ್ಲೇಆಫ್‌ಗೆ ಹೋಗಲು ಚೆನ್ನೈಗೆ ಕೊನೆಯ ಓವರ್‌ನಲ್ಲಿ 17 ರನ್ ಬೇಕಿತ್ತು. ಯಶ್ ದಯಾಳ್ ಹಾಕಿದ ಮೊದಲ ಎಸೆತವನ್ನು ಧೋನಿ ಎತ್ತಿದ ರಭಸಕ್ಕೆ ಚೆಂಡು 110 ಮೀಟರ್ ಹಾರಿ ಮೈದಾನದಾಚೆ ಬಿತ್ತು. ಒದ್ದೆಯಾಗಿದ್ದ ಚೆಂಡು ಹೋಗಿ ಒಣ ಚೆಂಡು ಬಂತು. ಅದು ದಯಾಳ್ ಕೈಯಲ್ಲಿ ಸರಿಯಾಗಿ ಕೂತಿತು. ಮರು ಎಸೆತ ನಿಧಾನಗತಿಯದು. ಧೋನಿ ಮತ್ತೆ ಬೀಸಿದರು, ಬೌಂಡರಿ ಗೆರೆಯ ಬಳಿ ಸ್ವಪ್ನಿಲ್ ಸಿಂಗ್ ಕ್ಯಾಚ್ ಹಿಡಿದರು. ಕ್ರಿಕೆಟ್ ಬಲ್ಲವರಿಗೆ ಆ ಎರಡು ಎಸೆತಗಳಲ್ಲೇ ಒಂದು ಪಾಠವಿದೆ. ಆ ಸಿಕ್ಸರೇ ಆರ್‌ಸಿಬಿಗೆ ವರವಾಯಿತು ಎಂದು ದಿನೇಶ್ ಕಾರ್ತಿಕ್ ಆಮೇಲೆ ಹೇಳಿದ್ದೂ ಅದಕ್ಕೇ. ಆದರೆ ಆ ರಾತ್ರಿ ಬೆಂಗಳೂರಿನಲ್ಲಿ ಆರ್‌ಸಿಬಿಯವರೂ ಚೆನ್ನೈಯವರೂ ಆಟದಷ್ಟೇ ಮಾತಾಡಿದ್ದು, ಧೋನಿ ಇನ್ನು ಬರುತ್ತಾರೋ ಇಲ್ಲವೋ ಎಂದು. ಅವರು ಏನನ್ನೂ ಹೇಳದೆ ಹೊರಟುಹೋದರು. 2025ರ ಮೇ 3ರಂದು ಅದೇ ಅಂಗಳ, ಕೊನೆಯ ಓವರ್‌ನಲ್ಲಿ ಅದೇ ದಯಾಳ್. ಧೋನಿ ಎಲ್‌ಬಿಡಬ್ಲ್ಯು ಆದರು, ಚೆನ್ನೈ ಎರಡು ರನ್‌ಗಳಿಂದ ಸೋತಿತು. ಸೋಲಿನ ಹೊಣೆ ನನ್ನದು ಎಂದು ದೊಡ್ಡತನದಿಂದ ಹೇಳಿದರು. ನಿವೃತ್ತಿಯ ವಿಷಯದಲ್ಲಿ ಮಾತ್ರ ಆ ನೇರತನ ಕಾಣುವುದಿಲ್ಲ.

ಅವರ ಆಟ ಪೂರ್ತಿ ಹೋಗಿದೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. 2025ರ ಮಾರ್ಚ್ 28ರಂದು ಚೆಪಾಕ್‌ನಲ್ಲಿ ನೂರ್ ಅಹ್ಮದ್ ಎಸೆತಕ್ಕೆ ಆರ್‌ಸಿಬಿಯ ಫಿಲ್ ಸಾಲ್ಟ್ ಸ್ಟಂಪ್ ಆದದ್ದನ್ನು ನಿಧಾನಗತಿಯಲ್ಲಿ ಮತ್ತೊಮ್ಮೆ ನೋಡಿ. ಸಾಮಾನ್ಯವಾಗಿ ಕೀಪರ್ ಚೆಂಡನ್ನು ಹಿಡಿಯುವಾಗ ಪೆಟ್ಟು ತಾಗದಿರಲೆಂದು ಕೈಯನ್ನು ತುಸು ಹಿಂದಕ್ಕೆ ಎಳೆದುಕೊಳ್ಳುತ್ತಾನೆ, ಆಮೇಲೆ ಸ್ಟಂಪಿನತ್ತ ತರುತ್ತಾನೆ. ಧೋನಿಯ ಗ್ಲೌಸ್ ಹಿಂದಕ್ಕೆ ಹೋಗುವುದೇ ಇಲ್ಲ. ಹಿಡಿಯುವುದೂ ಬೇಲ್ಸ್ ಹಾರಿಸುವುದೂ ಒಂದೇ ಚಲನೆ. ಸಾಲ್ಟ್ ಅವರ ಹಿಂಗಾಲು ನೆಲ ಬಿಟ್ಟಿದ್ದು ಕಣ್ಣೆವೆ ಇಕ್ಕುವಷ್ಟು ಹೊತ್ತು, ಅಷ್ಟು ಸಾಕಾಯಿತು. ಆ ಜುಲೈಗೆ 44 ತುಂಬಲಿದ್ದವರ ಕೈ ಅದು! ಅದೇ ಪಂದ್ಯದಲ್ಲಿ 197 ರನ್ ಬೆನ್ನಟ್ಟುವಾಗ ಆ ಕೈಯ ಒಡೆಯ ಬ್ಯಾಟಿಂಗ್‌ಗೆ ಇಳಿದದ್ದು ಒಂಬತ್ತನೆಯವರಾಗಿ, ಅಶ್ವಿನ್ ಔಟಾದ ಮೇಲೆ. 16 ಎಸೆತಗಳಲ್ಲಿ ಔಟಾಗದೆ 30 ಹೊಡೆದರು, ಆದರೆ ಅಷ್ಟರಲ್ಲಿ ಪಂದ್ಯ ಕೈಬಿಟ್ಟಾಗಿತ್ತು. 2008ರ ನಂತರ ಆರ್‌ಸಿಬಿ ಅಲ್ಲಿ ಮೊದಲ ಸಲ ಗೆದ್ದಿತು, ಅದೂ 50 ರನ್‌ಗಳಿಂದ. ಮಂಡಿ ಮೊದಲಿನಂತಿಲ್ಲ, ಹತ್ತು ಓವರ್ ಓಡಿ ಆಡಲಾಗದು ಎಂದು ಫ್ಲೆಮಿಂಗ್ ಬಾಯಿಬಿಟ್ಟೇ ಹೇಳಿದರು.

ಅಂದರೆ ಕೈ ಸೋತಿಲ್ಲ, ಕಾಲು ಸೋತಿದೆ. ಇಂಥ ಸ್ಥಿತಿಯಲ್ಲಿ ಆಡಬೇಕೋ ಬೇಡವೋ ಎಂಬುದು ಆಟಗಾರನ ಮತ್ತು ತಂಡದ ನಡುವಿನ ಮಾತು. ಆಡಲಿ. ನನ್ನ ತಕರಾರು ಆಡುವುದರ ಬಗ್ಗೆ ಇಲ್ಲ. ಎಂದು ನಿಲ್ಲಿಸುತ್ತೇನೆ ಎಂದು ಹೇಳದೆ ಇರುವುದರ ಬಗ್ಗೆ ಇದೆ. ಆ ಮೌನದ ಬೆಲೆಯನ್ನು ತೆರುತ್ತಿರುವವರು ಬೇರೆಯವರು.

ಮೊದಲಿಗೆ ಸಹ ಆಟಗಾರರು. ಚೆಪಾಕ್‌ನಲ್ಲಿ ಚೆನ್ನೈನ ವಿಕೆಟ್ ಬಿದ್ದರೆ ಚೆನ್ನೈನ ಜನವೇ ಕುಣಿಯುತ್ತಾರೆ, ಮುಂದೆ ಬರುವುದು ಮಾಹಿ, ಅಂದರೆ ಧೋನಿ, ಎಂದು. ನಾನು ಮೇಲೆ ಬಂದರೆ ಇವನು ಯಾವಾಗ ಔಟಾಗುತ್ತಾನೋ ಎಂದು ಕಾಯುತ್ತಾರೆ ಎಂದು ರವೀಂದ್ರ ಜಡೇಜಾ 2023ರಲ್ಲಿ ನಗುತ್ತಲೇ ಹೇಳಿಕೊಂಡಿದ್ದರು. ತವರಿನಲ್ಲಿ ತನ್ನ ಔಟಿಗೆ ತನ್ನವರೇ ಕೇಕೆ ಹಾಕುವುದನ್ನು ಕೇಳಿಕೊಂಡು ಪೆವಿಲಿಯನ್‌ಗೆ ನಡೆಯುವುದು ಎಂಥ ಆಟಗಾರನಿಗೂ ಕಷ್ಟ. ಇದು ಕೊನೆಯ ನೋಟವಿರಬಹುದು ಎಂಬ ಆತಂಕ ಇಲ್ಲದಿದ್ದರೆ ಆ ಜನವೂ ಹಾಗೆ ಆಡುತ್ತಿರಲಿಲ್ಲ. ಇನ್ನು ನಾಯಕತ್ವ. 2022ರಲ್ಲಿ ಜಡೇಜಾಗೆ ಕೊಟ್ಟು ಎಂಟೇ ಪಂದ್ಯಗಳಲ್ಲಿ ವಾಪಸ್ ಪಡೆದರು. 2024ರಲ್ಲಿ ಋತುರಾಜ್ ಗಾಯಕವಾಡ್‌ಗೆ ಕೊಟ್ಟರು. 2025ರಲ್ಲಿ ಅವರ ಮೊಣಕೈಗೆ ಪೆಟ್ಟಾದಾಗ ಪಟ್ಟ ಮತ್ತೆ ಧೋನಿಗೇ ಬಂತು. ಹಳಬರು ಹೋಗುವ ದಿನ ಗೊತ್ತಿಲ್ಲದ ಮನೆಯಲ್ಲಿ ಹೊಸಬರ ಕೈಗೆ ಬೀಗದ ಕೈ ಬರುವುದಿಲ್ಲ.

ಈ ಮಾತನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಮೈಸೂರಿನ ಜಾವಗಲ್ ಶ್ರೀನಾಥ್ 1991ರಲ್ಲಿ ಬ್ರಿಸ್ಬೇನ್‌ನಲ್ಲಿ ಟೆಸ್ಟ್‌ಗೆ ಕಾಲಿಟ್ಟರು. ತವರಿನಲ್ಲಿ ಮೊದಲ ಟೆಸ್ಟ್ ಆಡಲು 1994ರ ನವೆಂಬರ್‌ವರೆಗೆ, ಮುಂಬೈಯಲ್ಲಿ ವೆಸ್ಟ್ ಇಂಡೀಸ್ ಎದುರಾಗುವವರೆಗೆ ಕಾಯಬೇಕಾಯಿತು. ನಡುವಿನ ದಿನಗಳಲ್ಲಿ ಕಪಿಲ್ ದೇವ್, ರಿಚರ್ಡ್ ಹ್ಯಾಡ್ಲಿಯ 431 ವಿಕೆಟ್‌ಗಳ ದಾಖಲೆಯತ್ತ ಒಂದೊಂದೇ ಹೆಜ್ಜೆ ಇಡುತ್ತಿದ್ದರು. ಆ ಕಾಲಕ್ಕೆ ತವರಿನ ಪಂದ್ಯಗಳನ್ನು ಗೆಲ್ಲಿಸುತ್ತಿದ್ದುದು ಕುಂಬ್ಳೆ ಮತ್ತು ಜತೆಗಾರರ ಸ್ಪಿನ್ ಎಂಬುದೂ ನಿಜ. ಆದರೂ ದೇಶದ ಅತಿ ವೇಗದ ಬೌಲರ್ ಇಪ್ಪತ್ತೆರಡರಿಂದ ಇಪ್ಪತ್ತೈದರ ಹರೆಯದಲ್ಲಿ ತವರಿನ ಟೆಸ್ಟ್‌ಗಳ ಹೊತ್ತಿಗೆ ಹೊರಗೆ ಕೂತಿದ್ದರು. ಅಹಮದಾಬಾದಿನಲ್ಲಿ 432ನೇ ವಿಕೆಟ್ ಬಿದ್ದಾಗ ಬಲೂನುಗಳು ಹಾರಿದವು, ದೇಶ ಸಂಭ್ರಮಿಸಿತು. ಸಂಭ್ರಮಿಸಬೇಕಾದದ್ದೇ, ಕಪಿಲ್ ಅಂಥ ಆಟಗಾರ. ಆದರೆ ಶ್ರೀನಾಥ್ 67 ಟೆಸ್ಟ್‌ಗಳಲ್ಲಿ ಪಡೆದ 236 ವಿಕೆಟ್‌ಗಳನ್ನು ಎಣಿಸುವಾಗೆಲ್ಲ, ಆ ಮೂರು ವರ್ಷದ ಲೆಕ್ಕವೂ ನನ್ನ ಮನಸ್ಸಿಗೆ ಬರುತ್ತದೆ.

ಅಭಿಮಾನಿಯ ಸಂಕಟದ ಬೇರು ಇನ್ನೂ ಆಳದಲ್ಲಿದೆ. ಧೋನಿ ತಮ್ಮ ದೊಡ್ಡ ವಿದಾಯಗಳಲ್ಲಿ ನಮಗೆ ಹೇಳಿಹೋಗಲಿಲ್ಲ. 2014ರ ಡಿಸೆಂಬರ್ 30ರಂದು ಮೆಲ್ಬರ್ನ್ ಟೆಸ್ಟ್ ಮುಗಿಯುತ್ತಲೇ, ಸರಣಿಯಲ್ಲಿ ಇನ್ನೊಂದು ಪಂದ್ಯ ಬಾಕಿ ಇರುವಾಗಲೇ ಟೆಸ್ಟ್ ಬಿಟ್ಟರು. 2019ರ ಜುಲೈ 10ರಂದು ಮ್ಯಾಂಚೆಸ್ಟರ್‌ನಲ್ಲಿ ಮಾರ್ಟಿನ್ ಗಪ್ಟಿಲ್ ನೇರ ಎಸೆತಕ್ಕೆ ರನೌಟ್ ಆಗಿ ನಡೆದುಹೋದವರು, ಭಾರತದ ಪರ ಮತ್ತೆ ಆಡಲಿಲ್ಲ. ಹದಿಮೂರು ತಿಂಗಳ ಮೌನದ ನಂತರ, 2020ರ ಆಗಸ್ಟ್ 15ರ ಸಂಜೆ ಇನ್‌ಸ್ಟಾಗ್ರಾಂನಲ್ಲಿ ಒಂದು ಸಾಲು ಬಂತು. ಎದ್ದು ನಿಂತು ಚಪ್ಪಾಳೆ ತಟ್ಟುವ ಅವಕಾಶ ಯಾರಿಗೂ ಸಿಗಲಿಲ್ಲ. ಆ ತೀರದ ಋಣವನ್ನೇ ಜನ ಪ್ರತಿ ಏಪ್ರಿಲ್‌ನಲ್ಲಿ ಹಳದಿ ಅಂಗಿ ತೊಟ್ಟು ತೀರಿಸಲು ಬರುತ್ತಾರೆ. 2023ರಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್ ಹಳದಿಯಾದಾಗ, ಇವರು ನನ್ನನ್ನು ಬೀಳ್ಕೊಡಲು ಬಂದವರು ಎಂದು ಧೋನಿಯೇ ಹೇಳಿದ್ದರು. ಬೀಳ್ಕೊಡುಗೆ ಎಂದು ತಿಳಿದೂ ಅದನ್ನು ಸ್ವೀಕರಿಸದೆ ಉಳಿದರು.

ಥಟ್ಟನೆ ಹೋಗುವುದರಲ್ಲೂ ನೋವಿದೆ. 2025ರ ಮೇ 12ರಂದು ವಿರಾಟ್ ಕೊಹ್ಲಿ ಟೆಸ್ಟ್ ಬಿಟ್ಟರು. 17ರಂದು ಚಿನ್ನಸ್ವಾಮಿಗೆ ಜನ ಟೆಸ್ಟ್‌ನ ಬಿಳಿ ಅಂಗಿಯಲ್ಲಿ, ಬೆನ್ನ ಮೇಲೆ 18 ಎಂದು ಬರೆಸಿಕೊಂಡು ಬಂದರು. ಮಳೆ ಒಂದು ಎಸೆತಕ್ಕೂ ಬಿಡಲಿಲ್ಲ. ನೆನೆದರು, ನೊಂದರು, ಆದರೆ ಏನು ಮುಗಿಯಿತೆಂದು ಅವರಿಗೆ ತಿಳಿದಿತ್ತು. ಧೋನಿಯ ಅಭಿಮಾನಿಗೆ ಅಷ್ಟೂ ತಿಳಿದಿಲ್ಲ. ಅದಕ್ಕೇ ಪ್ರೀತಿಯ ಜಾಗದಲ್ಲಿ ಬೇಸರ ಸೇರಿಕೊಳ್ಳುತ್ತಿದೆ, ಅಂಥ ಬೇಸರ ಅವರಿಗೆ ಸಲ್ಲುವಂಥದಲ್ಲ ಎಂಬುದೇ ನನ್ನ ದುಃಖ.

ಇದಕ್ಕೆ ತಂಡದ ಮಾಲೀಕರೂ ಐಪಿಎಲ್ ಆಡಳಿತವೂ ಪಾಲುದಾರರು. ಐದು ವರ್ಷ ಅಂತರರಾಷ್ಟ್ರೀಯ ಪಂದ್ಯ ಆಡದ ಭಾರತೀಯನನ್ನು ಭಾರತದ ಪರ ಆಡದವರ ಸಾಲಿಗೆ ಸೇರಿಸುವ ಹಳೆಯ ನಿಯಮಕ್ಕೆ 2024ರಲ್ಲಿ ಮತ್ತೆ ಜೀವ ಕೊಟ್ಟರು. ಚೆನ್ನೈ ಧೋನಿಯನ್ನು 4 ಕೋಟಿಗೆ ಉಳಿಸಿಕೊಂಡಿತು. ಎಲ್ಲರಿಗೂ ಲಾಭವಿರುವ ಕಡೆ, ಸಾಕು ಎನ್ನುವವರು ಯಾರು?

ಹೇಳಿ ಹೋಗುವುದು ಹೇಗೆಂದು ಧೋನಿಗೆ ಯಾರೂ ಕಲಿಸಬೇಕಾಗಿಲ್ಲ. 2008ರ ಅಕ್ಟೋಬರ್‌ನಲ್ಲಿ, ಆಸ್ಟ್ರೇಲಿಯಾ ಸರಣಿಗೆ ಮೊದಲು, ಇದೇ ನನ್ನ ಕೊನೆಯ ಸರಣಿ ಎಂದು ಸೌರವ್ ಗಂಗೂಲಿ ಬೆಂಗಳೂರಿನಲ್ಲಿ ಘೋಷಿಸಿದರು. ಅಷ್ಟಾದ ಮೇಲೆ ಗುಸುಗುಸು ನಿಂತಿತು, ಆಟ ಉಳಿಯಿತು. ಮೊಹಾಲಿಯಲ್ಲಿ ಶತಕ ಬಂತು. ಕೊನೆಯ ಟೆಸ್ಟ್ ನಡೆದ ನಾಗ್ಪುರದಲ್ಲಿ, ಆಟ ಮುಗಿಯುವ ಮುನ್ನ ಕೆಲವು ಓವರ್‌ಗಳಿಗೆ ಗಂಗೂಲಿಯ ಕೈಗೆ ತಂಡವನ್ನು ಒಪ್ಪಿಸಿದ ನಾಯಕ ಧೋನಿ. ಹಿಂದಿನ ಪಂದ್ಯದಲ್ಲಿ ನಿವೃತ್ತರಾಗಿದ್ದ ಕುಂಬ್ಳೆಯನ್ನು ಕರೆದು ಟ್ರೋಫಿ ಹಿಡಿಸಿದ್ದೂ ಅದೇ ಧೋನಿ. ಹಿರಿಯರನ್ನು ಅಷ್ಟು ಘನತೆಯಿಂದ ಕಳಿಸಿಕೊಟ್ಟವರು ತಮಗೂ ಅದನ್ನು ಮಾಡಿಕೊಳ್ಳಬಹುದು.

ಹರಾಜಿಗೆ ಮುನ್ನ ತಂಡಗಳು ಉಳಿಸಿಕೊಳ್ಳುವವರ ಪಟ್ಟಿ ಕೊಡಬೇಕು. ಧೋನಿ ಕೇಳಿದ ನಾಲ್ಕೈದು ತಿಂಗಳು ಸುಮಾರಾಗಿ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಆಗದು ಎಂದು ಮಂಡಿ ಹೇಳಿದರೆ ಅಂದೇ ಹೇಳಲಿ, ಆಯುಷ್ ಮ್ಹಾತ್ರೆಯಂಥ ಎಳೆಯ ಹುಡುಗರನ್ನು ನೆಚ್ಚಿ ಚೆನ್ನೈ ಹೊಸ ತಂಡ ಕಟ್ಟಲಿ. ಆಗುತ್ತದೆ ಎಂದಾದರೆ ಆಡಲಿ, ಆದರೆ ಮೊದಲ ಪಂದ್ಯಕ್ಕೆ ಮುನ್ನ ಇದೇ ಕೊನೆಯ ಋತು ಎಂದು ಹೇಳಿಬಿಡಲಿ. ಆಗ ಸಹ ಆಟಗಾರರು ನೆಮ್ಮದಿಯಿಂದ ಬ್ಯಾಟ್ ಬೀಸುತ್ತಾರೆ, ಗಾಯಕವಾಡ್ ನಾಯಕನಾಗಿ ನಿಲ್ಲುತ್ತಾರೆ, ಚೆಪಾಕ್‌ನ ಟಿಕೆಟ್ ಕೊಂಡವನಿಗೆ ತಾನು ಏನನ್ನು ನೋಡಲು ಹೋಗುತ್ತಿದ್ದೇನೆ ಎಂಬುದು ಗೊತ್ತಿರುತ್ತದೆ. ಎಂದು ನಿಲ್ಲಬೇಕೆಂದು ತೀರ್ಮಾನಿಸುವ ಹಕ್ಕು ಪೂರ್ತಿ ಧೋನಿಯದು. ಅದನ್ನು ಮುಂಚೆಯೇ ತಿಳಿಯುವ ಹಕ್ಕು ಇಷ್ಟು ವರ್ಷ ಕಾದವರದು.