ಜನಿವಾರದ ಕನ್ನ: ‘ಮೃಚ್ಛಕಟಿಕ’ದ ಇಬ್ಬರು ಕಳ್ಳರು

ಕಳ್ಳನನ್ನು ಕಂಡು ನಾವು ನಗೋದು ಯಾವಾಗ, ಕಂಬಕ್ಕೆ ಕಟ್ಟಿ ಹೊಡೆಯೋದು ಯಾವಾಗ? ಈ ಪ್ರಶ್ನೆ ಇಟ್ಟುಕೊಂಡು ಶೂದ್ರಕನ ‘ಮೃಚ್ಛಕಟಿಕ’ವನ್ನು ಮತ್ತೆ ಓದಬೇಕು ಅನ್ನಿಸುತ್ತದೆ.

ಸಂಸ್ಕೃತದ ನಾಟಕಗಳಲ್ಲಿ ಇದೊಂದು ಜನರ ನಾಟಕ ಎಂದು ಪ್ರಗತಿಪರರು ಹೊಗಳುತ್ತ ಬಂದಿದ್ದಾರೆ. ಕಾರಣ ಇಲ್ಲದೆ ಇಲ್ಲ. ಜೂಜುಕೋರರು, ಗಣಿಕೆ, ಗಾಡಿ ಹೊಡೆಯುವವರು, ಕಾವಲಿನವರು, ಭಿಕ್ಷು, ಚಾಂಡಾಲರು ಎಲ್ಲ ಇಲ್ಲಿದ್ದಾರೆ. ಕೊನೆಗೆ ರಾಜನೊಬ್ಬ ಉರುಳಿ ಗೊಲ್ಲರ ಮನೆಯ ಆರ್ಯಕ ಪಟ್ಟಕ್ಕೆ ಬರುತ್ತಾನೆ. ಕವಿಯ ಹೆಸರೂ ಶೂದ್ರಕ. ಆದರೆ ಪ್ರಸ್ತಾವನೆಯಲ್ಲೇ ಆತ ದ್ವಿಜಶ್ರೇಷ್ಠ, ವೇದ ಬಲ್ಲವನು, ಅಶ್ವಮೇಧ ಮಾಡಿದವನು ಎಂಬ ವಿವರಣೆ ಇದೆ. ಆದ್ದರಿಂದ ಹೆಸರು ನೋಡಿ ಖುಷಿಪಡೋದು ಬೇಡ. ನಾಟಕ ಯಾರನ್ನು ನಗಿಸುತ್ತದೆ, ಯಾರ ಬೆನ್ನ ಮೇಲೆ ನಗಿಸುತ್ತದೆ ಎಂಬುದನ್ನು ನೋಡೋಣ.

ಮೂರನೆಯ ಅಂಕ ನಗೆಯ ಗಣಿ. ಶರ್ವಿಲಕ ಎಂಬ ಬ್ರಾಹ್ಮಣ ನಡುರಾತ್ರಿ ಚಾರುದತ್ತನ ಮನೆಗೆ ಕನ್ನ ಹಾಕಲು ಬರುತ್ತಾನೆ. ನಾಲ್ಕು ವೇದ ಓದಿದ, ದಾನ ಮುಟ್ಟದ ತಂದೆಯ ಮಗ ಈತ. ಕಳ್ಳತನಕ್ಕೂ ಇವನಲ್ಲೊಂದು ಶಾಸ್ತ್ರವಿದೆ. ಕನ್ನ ಅರಳಿದ ತಾವರೆಯಂತಿರಬೇಕೋ, ಸೂರ್ಯನಂತೋ, ಬಾಲಚಂದ್ರನಂತೋ, ಸ್ವಸ್ತಿಕದಂತೋ ಎಂದು ಯೋಚಿಸಿ, ಇಟ್ಟಿಗೆ ಗೋಡೆಗೆ ಪೂರ್ಣಕುಂಭವೇ ಸರಿ ಎಂದು ತೀರ್ಮಾನಿಸುತ್ತಾನೆ. ಅಳತೆಯ ದಾರ ಮರೆತು ಬಂದಿದ್ದಾನೆ, ಜನಿವಾರ ತೆಗೆದು ಗೋಡೆ ಅಳೆಯುತ್ತಾನೆ. ಹಾವು ಬೆರಳು ಕಚ್ಚಿದರೆ ಅದನ್ನೇ ಬಿಗಿದು ಕಟ್ಟುತ್ತಾನೆ. ಒಳಗೆ ಹೋದರೆ ಮೃದಂಗ, ವೀಣೆ, ಪುಸ್ತಕ ಬಿಟ್ಟು ಬೇರೇನೂ ಇಲ್ಲ. ವಾಪಸು ಹೊರಡಬೇಕು, ಅಷ್ಟರಲ್ಲಿ ವಿದೂಷಕ ಮೈತ್ರೇಯ ನಿದ್ದೆಗಣ್ಣಲ್ಲಿ ಬಡಬಡಿಸುತ್ತ, ಆಣೆ ಹಾಕಿ, ವಸಂತಸೇನೆ ನಂಬಿ ಇಟ್ಟಿದ್ದ ಒಡವೆಯ ಗಂಟನ್ನು ತಾನೇ ಕಳ್ಳನ ಕೈಗೆ ಕೊಡುತ್ತಾನೆ! ಬೆಳಗ್ಗೆ ಎದ್ದ ಚಾರುದತ್ತ ಕನ್ನದ ಅಂದ ಹೊಗಳುತ್ತಾನೆ. ಕಳ್ಳ ಬರಿಗೈಲಿ ಹೋಗಲಿಲ್ಲವಲ್ಲ ಎಂದು ಸಮಾಧಾನಪಡುತ್ತಾನೆ.

ಜನಿವಾರವನ್ನು ಕನ್ನದ ಅಳತೆಗೋಲು ಮಾಡಿದ್ದು ದೊಡ್ಡ ವಿಡಂಬನೆ ಎನ್ನುತ್ತಾರೆ. ಇರಬಹುದು. ಆದರೆ ಆ ದಾರ ಗೋಡೆಯನ್ನಷ್ಟೇ ಅಳೆಯುತ್ತಿಲ್ಲ, ನಮ್ಮ ನಗೆಯನ್ನೂ ಅಳೆದು ಕೊಡುತ್ತಿದೆ. ಜನಿವಾರ ಇರೋದರಿಂದಲೇ ಈ ಕಳವು ಕಲೆಯಾಯಿತು, ತಮಾಷೆಯಾಯಿತು. ಕದ್ದವನ ಹಿಂದೆ ಒಂದು ಪ್ರೇಮಕಥೆಯೂ ಬಂತು. ವಸಂತಸೇನೆಯ ದಾಸಿ ಮದನಿಕೆಯನ್ನು ಬಿಡಿಸಿಕೊಳ್ಳಲು ಕದ್ದನಂತೆ. ಗಿರೀಶ ಕಾರ್ನಾಡರು 1984ರಲ್ಲಿ ಇದೇ ನಾಟಕದಿಂದ ‘ಉತ್ಸವ್’ ಸಿನಿಮಾ ಮಾಡಿದಾಗ ಕಳ್ಳನ ಪಾತ್ರಕ್ಕೆ ಬಂದವರು ಶಂಕರನಾಗ್. ಇಂಥ ಕಳ್ಳನನ್ನು ಯಾರಿಗೆ ತಾನೆ ದ್ವೇಷಿಸೋಕೆ ಆದೀತು?

ಈಗ ಇನ್ನೊಬ್ಬ ‘ಕಳ್ಳ’ನನ್ನು ನೋಡಿ. ಅವನ ಹೆಸರು ಸ್ಥಾವರಕ. ರಾಜನ ಮೈದುನ ಶಕಾರನ ದಾಸ, ಗಾಡಿ ಹೊಡೆಯುವವನು. ವಸಂತಸೇನೆಯನ್ನು ಕೊಲ್ಲು, ಚಿನ್ನದ ಕಡಗ ಕೊಡ್ತೀನಿ ಎಂದರೂ ಒಪ್ಪಲಿಲ್ಲ, ಹೊಡೆದರೂ ಒಪ್ಪಲಿಲ್ಲ. ಶಕಾರ ತಾನೇ ಅವಳ ಕತ್ತು ಹಿಸುಕಿ, ಸತ್ತಳೆಂದು ತಿಳಿದು, ಆರೋಪವನ್ನು ಚಾರುದತ್ತನ ತಲೆಗೆ ಕಟ್ಟುತ್ತಾನೆ. ಕಟ್ಟಿಹಾಕಿದ್ದ ಸ್ಥಾವರಕ ಹತ್ತನೆಯ ಅಂಕದಲ್ಲಿ ಮಹಡಿಯಿಂದ ಹಾರಿ ಬಂದು ಸತ್ಯ ಹೇಳುತ್ತಾನೆ. ಶಕಾರ ಗುಟ್ಟಾಗಿ ಅವನ ಕೈಗೆ ಕಡಗ ತುರುಕುತ್ತಾನೆ. ನೋಡಿ, ಲಂಚ ಕೊಡ್ತಿದಾನೆ ಎಂದು ಸ್ಥಾವರಕ ಅದನ್ನು ಎತ್ತಿ ತೋರಿಸಿದರೆ ಶಕಾರನ ಉತ್ತರ ಸಿದ್ಧವಾಗಿದೆ: ಇದು ಇವನು ಕದ್ದ ಚಿನ್ನ, ಅದಕ್ಕೇ ಹೊಡೆದದ್ದು, ಬೇಕಾದರೆ ಬೆನ್ನು ನೋಡಿ. ಬೆನ್ನಿನ ಬಾಸುಂಡೆಯೇ ಸಾಕ್ಷಿಯಾಯಿತು. ಅವನ ಮಾತು ಬಿದ್ದುಹೋಯಿತು.

ಚಿನ್ನ ಬೇಡವೆಂದವನು ಕಳ್ಳನಾದ. ಚಿನ್ನ ಕದ್ದವನು? ಪಾಲಕನ ರಾಜ್ಯ ಉರುಳಿದ ಸುದ್ದಿ ತಂದು ನಾಯಕನನ್ನು ಅಪ್ಪಿಕೊಳ್ಳುತ್ತಾನೆ. ಅಷ್ಟೇ ಅಲ್ಲ, ಯಾರಿಗೆ ಏನು ಬಹುಮಾನ ಎಂದು ಒಬ್ಬೊಬ್ಬರ ಪರವಾಗಿ ಕೇಳುವವನೂ ಅವನೇ. ಸ್ಥಾವರಕನಿಗೆ ದಾಸ್ಯದಿಂದ ಬಿಡುಗಡೆ ಸಿಗುತ್ತದೆ, ಇದು ಸಣ್ಣದಲ್ಲ. ತೊಗಲಿನ ಕುಲದವನೆಂದು ಹಂಗಿಸಿಕೊಂಡ ಚಂದನಕ ದಂಡಪಾಲಕರ ಮುಖ್ಯಸ್ಥನಾಗುತ್ತಾನೆ. ಇದನ್ನು ಮುಚ್ಚಿಟ್ಟು ವಾದ ಮಾಡಬಾರದು. ಆದರೆ ಇಬ್ಬರು ಚಾಂಡಾಲರಿಗೆ ಸಿಕ್ಕಿದ್ದೇನು? ಎಲ್ಲ ಚಾಂಡಾಲರ ಮೇಲೆ ಯಜಮಾನಿಕೆ! ಚಾಂಡಾಲ ಕುಲದಲ್ಲಿ ಹುಟ್ಟಿದರೂ ತಾವು ಚಾಂಡಾಲರಲ್ಲ, ಸಜ್ಜನರನ್ನು ಪೀಡಿಸುವವರೇ ಚಾಂಡಾಲರು ಎಂದು ಅದೇ ಅಂಕದಲ್ಲಿ ಹೇಳಿದವರು ಅವರು. ನಾಟಕದಲ್ಲೇ ಅತ್ಯಂತ ಎಚ್ಚರದ ಮಾತು ಆಡಿದವರನ್ನು ಕ್ರಾಂತಿ ಅದೇ ಕೇರಿಗೆ, ಅದೇ ಕೊಲ್ಲುವ ಕೆಲಸಕ್ಕೆ ಬಡ್ತಿ ಕೊಟ್ಟು ಕಳಿಸಿತು.

ಇದು ಹಳೇ ನಾಟಕದ ಮಾತಾಗಿಯೇ ಉಳಿದಿದ್ದರೆ ನಾನು ಬರೆಯಬೇಕಿರಲಿಲ್ಲ. 1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದು ಹುಟ್ಟಿನಿಂದಲೇ ಕಳ್ಳರು ಎಂದು ಸಮುದಾಯಗಳನ್ನು ಪಟ್ಟಿಮಾಡಿದರು. ಅದು ರದ್ದಾದದ್ದು 1952ರಲ್ಲಿ. ಅಂಥವರನ್ನು ಕೂಡಿಹಾಕಿದ್ದ ಜಾಗಕ್ಕೆ ಹುಬ್ಬಳ್ಳಿಯಲ್ಲಿ ಸೆಟ್ಲ್‌ಮೆಂಟ್ ಅನ್ನೋ ಹೆಸರು ಇವತ್ತಿಗೂ ಅಂಟಿಕೊಂಡಿದೆ. ಲಕ್ಷ್ಮಣ ಗಾಯಕವಾಡರ ಮರಾಠಿ ಆತ್ಮಕಥನ ‘ಉಚಲ್ಯಾ’ (1987) ಓದಿದವರಿಗೆ ಗೊತ್ತು, ಅಲ್ಲಿ ಕಳವು ಅರವತ್ನಾಲ್ಕು ವಿದ್ಯೆಗಳಲ್ಲೊಂದಲ್ಲ. ಅದು ಹಸಿವು, ಪೊಲೀಸರ ಏಟು. ಅಲ್ಲಿ ಕದಿಯದಿದ್ದವನಿಗೂ ಬೆನ್ನು ತೋರಿಸುವ ಪಾಳಿ ತಪ್ಪಿದ್ದಲ್ಲ. ಸ್ಥಾವರಕನ ಪಾಡೂ ಇದೇ ಅಲ್ಲವೇ?

ಹಾಗಂತ ‘ಮೃಚ್ಛಕಟಿಕ’ವನ್ನು ಸುಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಆಡಬೇಕು, ನಗಬೇಕು. ದಲಿತ ವಿಮರ್ಶೆ ನಗೆಗೆ ಹೆದರುವ ವಿಮರ್ಶೆ ಅಲ್ಲ. ರಂಗದ ಗೆಳೆಯರಿಗೆ ನನ್ನದು ಒಂದೇ ಕೋರಿಕೆ. ಉದ್ದವಾಯಿತೆಂದು ನಾಟಕ ಕತ್ತರಿಸುವಾಗ ಕನ್ನದ ದೃಶ್ಯ ಉಳಿಸಿಕೊಂಡು ಕಡಗದ ದೃಶ್ಯ ಕೈಬಿಡಬೇಡಿ. ಮೂರನೆಯ ಅಂಕದಲ್ಲಿ ನಕ್ಕ ಪ್ರೇಕ್ಷಕ ಹತ್ತನೆಯ ಅಂಕದಲ್ಲಿ ಸ್ಥಾವರಕನ ಬೆನ್ನನ್ನೂ ನೋಡಲಿ. ಆ ಕಳ್ಳನಿಗೆ ನಕ್ಕವರು ಈ ಕಳ್ಳನನ್ನು ಯಾಕೆ ನಂಬಲಿಲ್ಲ ಎಂದು ಅವರನ್ನೇ ಕೇಳೋಣ.