'ದಾರಿಯ ಮುಳ್ಳು': ಒಂದು ಬಂಗಾಳಿ ಪತ್ತೇದಾರಿ ಕಥೆ

ಪತ್ತೇದಾರಿ ಕಥೆಗಳೆಂದರೆ ರೈಲುಪ್ರಯಾಣದ ಬೇಸರ ಕಳೆಯಲು ಹುಟ್ಟಿದವುಗಳೆಂದು ಪಂಡಿತರು ಮೂಗುಮುರಿಯುವುದುಂಟು. ಶರದಿಂದು ಬಂದ್ಯೋಪಾಧ್ಯಾಯರು 1932ರಲ್ಲಿ ಬರೆದ 'ಪಥೇರ್ ಕಾಂಟಾ', ಎಂದರೆ 'ದಾರಿಯ ಮುಳ್ಳು' ಎಂಬ ಕಥೆಯನ್ನು ಓದಿದವರು ಅಷ್ಟು ಸುಲಭವಾಗಿ ಹಾಗೆನ್ನಲಾರರು. ಬಿ. ವೆಂಕಟಾಚಾರ್ಯರ ಕಾಲದಿಂದಲೂ ಬಂಗಾಳದ ಕಾದಂಬರಿಗಳಿಗೆ ಬಾಗಿಲು ತೆರೆದಿಟ್ಟ ಕನ್ನಡದ ಮನೆಗಳಿಗೆ ಈ ಅತಿಥಿಯೂ ಅಯೋಗ್ಯನಲ್ಲ.

ಕಲಕತ್ತೆಯ ಬೀದಿಯಲ್ಲಿ ನಡೆದು ಹೋಗುತ್ತಿದ್ದ ಸ್ಥಿತಿವಂತ ಗೃಹಸ್ಥರು ಒಬ್ಬರಾದ ಮೇಲೊಬ್ಬರು ಇದ್ದಕ್ಕಿದ್ದಂತೆ ಕುಸಿದು ಸಾಯುತ್ತಾರೆ. ಎದೆಯೊಳಗೆ ದೊರೆಯತಕ್ಕದ್ದು ಗ್ರಾಮಫೋನಿನ ಒಂದು ಮುಳ್ಳು ಮಾತ್ರ. ಇತ್ತ ವೃತ್ತಪತ್ರಿಕೆಯಲ್ಲಿ ವಿಚಿತ್ರವಾದ ಜಾಹೀರಾತೊಂದು: ದಾರಿಯ ಮುಳ್ಳನ್ನು ತೆಗೆಯಿಸಬೇಕೆಂಬವರು ಶನಿವಾರ ಸಂಜೆ ಗೊತ್ತಾದ ದೀಪದ ಕಂಬದ ಬಳಿ ನಿಲ್ಲಬೇಕಂತೆ. ಸುದ್ದಿಗಿಂತ ಜಾಹೀರಾತನ್ನೇ ಶ್ರದ್ಧೆಯಿಂದ ಓದುವ ಬ್ಯೋಮಕೇಶ ಬಕ್ಷಿಗೆ ಎರಡೂ ಒಂದೇ ದಾರದ ಎರಡು ತುದಿಗಳೆಂದು ಹೊಳೆಯುತ್ತದೆ. ಪತ್ತೇದಾರನೆಂಬ ಹೆಸರು ಅವನಿಗೆ ಸಹಿಸದು. ತಾನು ಸತ್ಯಾನ್ವೇಷಿ ಎನ್ನುತ್ತಾನೆ.

ಕಥೆಯ ಸತ್ತ್ವವಿರುವುದು ಒಗಟಿನಲ್ಲಲ್ಲ, ಪಟ್ಟಣದಲ್ಲಿ. ಹಳ್ಳಿಯಲ್ಲಿ ಅಪರಿಚಿತನು ಕಾಲಿಟ್ಟರೆ ಯಾರ ಮನೆಗೆ ಬಂದೆಯೆಂದು ಕೇಳುವವರು ಹತ್ತು ಜನ. ಕಲಕತ್ತೆಯಲ್ಲಿಯೋ, ಸೈಕಲ್ ಗಂಟೆ ಕೇಳಿದರೆ ಪಕ್ಕಕ್ಕೆ ಸರಿಯುವರೇ ಹೊರತು ಮುಖವೆತ್ತಿ ನೋಡುವವರಿಲ್ಲ. ಆ ಗಂಟೆಯೇ ಆಯುಧವಾದದ್ದು ಲೇಖಕರ ಪ್ರತಿಭೆಗೆ ಸಾಕ್ಷಿ. ಕೊಲೆಗಾರನು ಸಾವಿರ ಜನರ ಕಣ್ಣೆದುರಿಗೇ ಇದ್ದಾನೆ, ಆದುದರಿಂದಲೇ ಕಾಣಿಸುವುದಿಲ್ಲ. ಅವನ ಹೆಸರನ್ನು ಇಲ್ಲಿ ಹೇಳುವುದು ವಾಚಕರಿಗೆ ಬಗೆದ ದ್ರೋಹವಾದೀತು.

ದೋಷಗಳೂ ಇಲ್ಲದಿಲ್ಲ. ಗಂಟೆಯೊಳಗಿನ ಸ್ಪ್ರಿಂಗಿನಿಂದ ಹಾರಿದ ಮುಳ್ಳು ಪ್ರತಿಸಲವೂ ಬಟ್ಟೆಯನ್ನು ದಾಟಿ ಹೃದಯಕ್ಕೇ ನಾಟೀತೆಂಬುದನ್ನು ನಂಬಲು ಬಹಳ ಔದಾರ್ಯ ಬೇಕು. ಆಶುತೋಷಬಾಬುವಿನ ಪ್ರಾಣವನ್ನು ಜೇಬಿನ ಗಡಿಯಾರ ಉಳಿಸಿದ್ದು ಸರಿ. ಹಂತಕನು ತಾನಾಗಿಯೇ ಬ್ಯೋಮಕೇಶನ ಮನೆಯ ಮೆಟ್ಟಿಲು ಹತ್ತಿ ಬರುವುದು ಮಾತ್ರ ಲೇಖಕರ ಅನುಕೂಲಕ್ಕಾಗಿ.

ಇದಕ್ಕಿಂತ ದೊಡ್ಡ ಕೊರತೆಯೊಂದಿದೆ. ಸತ್ತವರು ಗಂಡುಮಕ್ಕಳಿಲ್ಲದ ಹಣವಂತರು. ಅವರನ್ನು ಮುಳ್ಳೆಂದು ಬಗೆದವರು ಬೀದಿಯವರಲ್ಲ, ಆಸ್ತಿಗೆ ಕಾದು ಕುಳಿತವರು. ಅಂಥವರಿಲ್ಲದೆ ಆ ಜಾಹೀರಾತಿಗೆ ಗಿರಾಕಿಗಳೆಲ್ಲಿ? ಸತ್ಯಾನ್ವೇಷಿಯು ನಡುರಾತ್ರಿ ಎದೆಗೆ ಪಿಂಗಾಣಿ ತಟ್ಟೆಯನ್ನು ಕಟ್ಟಿಕೊಂಡು ಕೊಂದ ಕೈಯನ್ನು ಹಿಡಿಯಲು ಹೋಗುತ್ತಾನೆ. ಕೊಲ್ಲಿಸಿದ ಮನಸ್ಸುಗಳ ಲೆಕ್ಕವನ್ನು ಅಷ್ಟೇ ಆಸ್ಥೆಯಿಂದ ತೆಗೆಯುವುದಿಲ್ಲ. ಹಂತಕನು ಸಿಕ್ಕಿದೊಡನೆ ಕಥೆಗೆ ಮುಗಿಯುವ ಅವಸರ. ಉತ್ತರಕ್ರಿಯೆ ಮುಗಿಸಿ ಬೀಗದ ಕೈ ತೆಗೆದುಕೊಂಡ ಆ ಬಂಧುಗಳ ಮನೆಯೊಳಕ್ಕೆ ಬ್ಯೋಮಕೇಶನು ಒಮ್ಮೆ ಕಾಲಿಟ್ಟಿದ್ದರೆ, ಶರದಿಂದುಬಾಬುಗಳ ಲೇಖನಿಗೆ ತಕ್ಕ ಕಥೆ ಅಲ್ಲಿಯೇ ಕಾದಿತ್ತು.